ಮಸ್ಕತ್ ಡೈರಿ, ಭಾಗ 9: ಕ್ಯಾನ್ಸರೂ ಅಲ್ಲದ, ಸಾದಾ ಗಡ್ಡೆಯೂ ಅಲ್ಲದ ಒಂದು ಗಡ್ಡೆಯ ಕಥೆ

ಊರಿಂದ ತಂಗಿಯೊಬ್ಬಳು ಇನ್‌ಬಾಕ್ಸಿಗೆ ಬಂದು ಕೇಳಿದಳು, "ಅಕ್ಕಾ, ಅಂಡಾಶಯದ ಗಡ್ಡೆ ರಿಪೋರ್ಟಲ್ಲಿ ಬಾರ್ಡರ್‌ಲೈನ್ ಅಂತ ಬರೆದಿದಾರೆ. ಕ್ಯಾನ್ಸರ್ರಾ, ಅಲ್ವಾ?" ಇನ್ನೂ ಮಕ್ಕಳಾಗಿಲ್ಲ. ಮನೆಯವರು ಗರ್ಭಕೋಶ ಸಮೇತ ಎಲ್ಲಾ ತೆಗೆಸಿಬಿಡೋಣ ಅಂತಿದ್ದಾರಂತೆ. ಇಲ್ಲಿ ಒಮಾನಿ ಹೆಣ್ಣುಮಕ್ಕಳೂ ನಮ್ಮನ್ನು ಮೊದಲು ಕೇಳೋದು ಇದನ್ನೇ: "ಸಿಸ್ಟರ್, ಮುಂದೆ ಮಕ್ಕಳಾಗತ್ತಾ?" ಅದಕ್ಕೇ ಇವತ್ತು ಈ ಗಡ್ಡೆಯ ಇತಿಹಾಸ.

1809ರಲ್ಲಿ ಅಮೆರಿಕದ ಕೆಂಟುಕಿಯಲ್ಲಿ ಇಫ್ರೇಮ್ ಮೆಕ್‌ಡೊವೆಲ್ ಅನ್ನೋ ವೈದ್ಯರು ಮಹಿಳೆಯೊಬ್ಬರ ಹೊಟ್ಟೆಯಿಂದ ಹತ್ತು ಕೆಜಿಯಷ್ಟು ಅಂಡಾಶಯದ ಗಡ್ಡೆ ತೆಗೆದರು. ಅರಿವಳಿಕೆ ಇನ್ನೂ ಬಂದಿರದ ಕಾಲ. ಆಕೆ ಆಮೇಲೆ ಮೂವತ್ತಕ್ಕೂ ಹೆಚ್ಚು ವರ್ಷ ಬದುಕಿದರು! ಆದರೆ ಯಾವ ಗಡ್ಡೆ ಕೊಲ್ಲುತ್ತದೆ, ಯಾವುದು ಬಿಟ್ಟುಬಿಡುತ್ತದೆ ಅನ್ನೋದು ಆಗ ಯಾರಿಗೂ ಗೊತ್ತಿರಲಿಲ್ಲ.

1929ರಲ್ಲಿ ನ್ಯೂಯಾರ್ಕಿನ ಹೊವರ್ಡ್ ಟೇಲರ್ ಒಂದು ವಿಚಿತ್ರ ಗಮನಿಸಿದರು. ಕೆಲವು ಗಡ್ಡೆಗಳು ನೋಡೋಕೆ ಕ್ಯಾನ್ಸರ್ ಥರ ಇದ್ದರೂ ರೋಗಿಗಳು ಮಾತ್ರ ವರ್ಷಗಟ್ಟಲೆ ಚೆನ್ನಾಗಿರುತ್ತಿದ್ದರು. ಅವರು ಇವನ್ನು 'ಅರೆ ಕ್ಯಾನ್ಸರ್' ಅನ್ನೋ ಅರ್ಥದಲ್ಲಿ ಕರೆದರು. ಇದಕ್ಕೆ ಪ್ರತ್ಯೇಕ ಸ್ಥಾನ ಸಿಗೋಕೆ ನಲವತ್ತು ವರ್ಷ ಬೇಕಾಯ್ತು: 1971ರಲ್ಲಿ ಅಂತಾರಾಷ್ಟ್ರೀಯ ಸ್ತ್ರೀರೋಗ ತಜ್ಞರ ಒಕ್ಕೂಟ, 1973ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಕೊಂಡವು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ಶುರುವಾದದ್ದೂ ಅದೇ 1973ರಲ್ಲೇ.

ವ್ಯತ್ಯಾಸ ಇಷ್ಟೇ: ಕ್ಯಾನ್ಸರ್ ಕಣಗಳು ಬೇಲಿ ಮುರಿದು ಪಕ್ಕದ ಅಂಗಾಂಶದೊಳಗೆ ನುಗ್ಗುತ್ತವೆ. ಇವು ಬೇಲಿಯೊಳಗೇ ಜಾಸ್ತಿ ಬೆಳೆಯುತ್ತವೆ. ಹಾಗಾಗಿ ಆಪರೇಷನ್ ಮಧ್ಯೆ ಮಾಡೋ ಅವಸರದ ಪರೀಕ್ಷೆಯಲ್ಲಿ ಪೂರ್ತಿ ತಿಳಿಯೋದಿಲ್ಲ. ಕೊನೆಯ ಬಯಾಪ್ಸಿ ರಿಪೋರ್ಟಿಗೇ ಕಾಯಬೇಕು.

ಈ ಹೆಸರು ಬಂದಮೇಲೆ ಚಿಕಿತ್ಸೆಯೂ ಬದಲಾಯ್ತು. ಮೊದಲು ಎಲ್ಲಾ ತೆಗೆಯುತ್ತಿದ್ದರು, ಕೀಮೋ ಕೂಡ ಕೊಡುತ್ತಿದ್ದರು. ಈ ಕಣಗಳು ನಿಧಾನಕ್ಕೆ ಬೆಳೆಯೋದರಿಂದ ಕೀಮೋದಿಂದ ಲಾಭ ಕಾಣಲಿಲ್ಲ. ಈಗ ಮುಖ್ಯ ಚಿಕಿತ್ಸೆ ಆಪರೇಷನ್ನೇ. ಮಕ್ಕಳು ಬೇಕೆನ್ನುವವರಿಗೆ, ಗಡ್ಡೆ ಒಂದೇ ಕಡೆ ಇದ್ದರೆ, ಆ ಅಂಡಾಶಯವನ್ನಷ್ಟೇ ತೆಗೆದು ಗರ್ಭಕೋಶ ಮತ್ತು ಇನ್ನೊಂದು ಅಂಡಾಶಯ ಉಳಿಸುತ್ತಾರೆ. ಆಮೇಲೆ ಎಷ್ಟೋ ಜನ ತಾಯಂದಿರಾಗಿದ್ದಾರೆ. ಅಂಡಾಶಯದಲ್ಲೇ ಇರುವಾಗ ಸಿಕ್ಕರೆ ನೂರರಲ್ಲಿ 95ಕ್ಕೂ ಹೆಚ್ಚು ಜನ ಐದು ವರ್ಷ ದಾಟುತ್ತಾರೆ.

ಇನ್ನೊಂದು ಮಾತನ್ನೂ ಮುಚ್ಚಿಡಲ್ಲ. ಅಂಡಾಶಯ ಉಳಿಸಿಕೊಂಡರೆ ಗಡ್ಡೆ ಮರಳಿ ಬರೋ ಸಾಧ್ಯತೆ ಹೆಚ್ಚು, ಕೆಲವೊಮ್ಮೆ ಹತ್ತು ವರ್ಷದ ಮೇಲೂ. ಬಂದರೂ ಹೆಚ್ಚಿನ ಸಲ ಅದೇ ಜಾತಿಯದು, ಮತ್ತೆ ತೆಗೆಯಬಹುದು. ಅಪರೂಪಕ್ಕೆ ನಿಜವಾದ ಕ್ಯಾನ್ಸರ್ ಆಗಬಹುದು. ಹಾಗಾಗಿ ಸ್ಕ್ಯಾನಿಗೆ ಹೇಳಿದ ದಿನ ತಪ್ಪಿಸಬೇಡಿ, ಮದುವೆ ಮುಂಜಿ ಅಂತ ಮುಂದೂಡಬೇಡಿ.

ತಂಗಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ: ಭಯದಲ್ಲಿ ಸಹಿ ಹಾಕಬೇಡಿ. ಬಯಾಪ್ಸಿ ಸ್ಲೈಡು ಹಿಡ್ಕೊಂಡು ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಇನ್ನೊಮ್ಮೆ ತೋರಿಸಿ, "ನನಗೆ ಮಕ್ಕಳು ಬೇಕು" ಅಂತ ಆಪರೇಷನ್ನಿಗೆ ಮೊದಲೇ ಬಾಯ್ಬಿಟ್ಟು ಹೇಳಿ.