ಅವಧಿಜ್ಞಾನ ಬೇರೆ, ನಿಮಿತ್ತಜ್ಞಾನ ಬೇರೆ

ಭದ್ರಬಾಹು ಸ್ವಾಮಿಗಳು ಬರಗಾಲ ಬರುವುದನ್ನು ಅವಧಿಜ್ಞಾನದಿಂದ ತಿಳಿದರು ಎಂದು ನಮ್ಮ ಮನೆಗಳಲ್ಲಿ ಹೇಳುವುದುಂಟು. ಚೋರನೂರಿನ ಅಂಗಡಿಯಲ್ಲಿ ಕುಳಿತು ನಾನೂ ಮೊಮ್ಮಕ್ಕಳಿಗೆ ಹಾಗೆಯೇ ಹೇಳಿದ್ದೆ. ಆದರೆ ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಪಾರ್ಶ್ವನಾಥ ಬಸದಿಯ ಬಳಿ ಇರುವ, ಕ್ರಿ.ಶ. ಸುಮಾರು 600ರ ಸಂಸ್ಕೃತ ಶಾಸನದಲ್ಲಿ ಆ ಮಾತಿಲ್ಲ. ಅಷ್ಟಾಂಗ ಮಹಾನಿಮಿತ್ತವನ್ನು ಬಲ್ಲ, ತ್ರಿಕಾಲದರ್ಶಿಯಾದ ಭದ್ರಬಾಹು ಸ್ವಾಮಿ ಉಜ್ಜಯಿನಿಯಲ್ಲಿ 12 ವರ್ಷಗಳ ವಿಪತ್ತನ್ನು ನಿಮಿತ್ತದಿಂದ ಕಂಡು ಹೇಳಿದರು, ಸಂಘವೆಲ್ಲ ಉತ್ತರದಿಂದ ದಕ್ಷಿಣಕ್ಕೆ ಹೊರಟಿತು ಎಂದಿದೆ.

ನಿಮಿತ್ತ ಎಂದರೆ ಕುರುಹು. ಅಂತರಿಕ್ಷ, ಭೌಮ, ಅಂಗ, ಸ್ವರ, ವ್ಯಂಜನ, ಲಕ್ಷಣ, ಛಿನ್ನ, ಸ್ವಪ್ನ ಎಂದು ಎಂಟು. ಆಕಾಶ, ಭೂಮಿ, ದೇಹ, ದನಿ, ಕನಸು ಮುಂತಾದವುಗಳ ಗುರುತು ಹಿಡಿದು ಮುಂದಾಗುವುದನ್ನು ಅರಿಯುವ ವಿದ್ಯೆ ಇದು. ನಡುವೆ ಕುರುಹು ಇರುವುದರಿಂದ ಇದು ನೇರ ಕಾಣ್ಕೆಯಲ್ಲ.

ಅವಧಿಜ್ಞಾನಕ್ಕೆ ಕುರುಹು ಬೇಡ, ಕಣ್ಣು ಕಿವಿಗಳೂ ಬೇಡ. ತತ್ತ್ವಾರ್ಥಸೂತ್ರದ ಮೊದಲ ಅಧ್ಯಾಯ ಮತಿ, ಶ್ರುತ, ಅವಧಿ, ಮನಃಪರ್ಯಯ, ಕೇವಲ ಎಂಬ ಐದು ಜ್ಞಾನಗಳನ್ನು ಹೇಳಿ, ಮೊದಲ ಎರಡನ್ನು ಪರೋಕ್ಷ, ಉಳಿದ ಮೂರನ್ನು ಪ್ರತ್ಯಕ್ಷ ಎನ್ನುತ್ತದೆ. ಲೋಕರೂಢಿಗೆ ಇದು ತಲೆಕೆಳಗು: ಕಣ್ಣಾರೆ ಕಂಡದ್ದು ಪರೋಕ್ಷವೇ? ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ‘ಅಕ್ಷ’ ಎಂದರೆ ಆತ್ಮ ಎಂದು ಅರ್ಥ ಬಿಡಿಸಿದ್ದಾರೆ. ಇಂದ್ರಿಯದ ನೆರವಿಲ್ಲದೆ ಆತ್ಮವೇ ಅರಿತದ್ದು ಪ್ರತ್ಯಕ್ಷ. ಮುಂದೆ ಅಕಲಂಕರು, ಬೇರೆ ದರ್ಶನದವರೊಡನೆ ವಾದಕ್ಕೆ ನಿಲ್ಲಬೇಕಾದ್ದರಿಂದಲೋ ಏನೋ, ಇಂದ್ರಿಯಜ್ಞಾನವನ್ನು ‘ಸಾಂವ್ಯವಹಾರಿಕ ಪ್ರತ್ಯಕ್ಷ’ ಎಂದು ಒಪ್ಪಿಕೊಂಡರು. ನೈಯಾಯಿಕರಲ್ಲೂ ಯೋಗಿಗಳಿಗೆ ‘ಯೋಗಜ’ ಎಂಬ ಅಲೌಕಿಕ ಪ್ರತ್ಯಕ್ಷ ಉಂಟು. ಮೀಮಾಂಸಕ ಕುಮಾರಿಲರು ಮಾತ್ರ ಸರ್ವಜ್ಞತ್ವವನ್ನೇ ಒಪ್ಪಲಿಲ್ಲ.

ಅವಧಿ ಎಂದರೆ ಎಲ್ಲೆ. ಈ ಜ್ಞಾನಕ್ಕೆ ರೂಪಿ ದ್ರವ್ಯವಷ್ಟೇ ವಿಷಯ. ದೇವತೆಗಳಿಗೂ ನಾರಕಿಗಳಿಗೂ ಹುಟ್ಟಿನಿಂದಲೇ ಇರುತ್ತದೆ. ಮನುಷ್ಯರಿಗೂ ಮನಸ್ಸುಳ್ಳ ಪ್ರಾಣಿಗಳಿಗೂ ಕರ್ಮದ ಕ್ಷಯೋಪಶಮದಿಂದ ಬರುತ್ತದೆ. ಗೃಹಸ್ಥನಿಗೂ ಬರಬಹುದು. ಒಮ್ಮೆ ಬಂದದ್ದು ಹೆಚ್ಚಬಹುದು, ಕುಗ್ಗಬಹುದು, ಹೋಗಿಯೂ ಬಿಡಬಹುದು. ಪರರ ಮನಸ್ಸಿನಲ್ಲಿರುವುದನ್ನು ಅರಿಯುವ ಮನಃಪರ್ಯಯವಾದರೋ ಸಂಯಮಿಗಳಾದ ಮುನಿಗಳಿಗೆ ಮಾತ್ರ. ಕೇವಲಜ್ಞಾನಕ್ಕೆ ಎಲ್ಲೆಯಿಲ್ಲ, ಈ ಕಾಲದಲ್ಲಿ ಜಂಬೂಸ್ವಾಮಿಗಳೇ ಕೊನೆಯ ಕೇವಲಿ.

ಮನೆಗೆ ಬಂದು ‘ನಿಮ್ಮ ಮನಸ್ಸಿನಲ್ಲಿರುವುದು ನನಗೆ ಕಾಣುತ್ತದೆ’ ಎಂದು ಕಾಣಿಕೆ ಕೇಳುವವರು ಆಗಾಗ ಸಿಗುತ್ತಾರೆ. ಅವರೆದುರು ಈ ಸೂತ್ರಗಳನ್ನು ನೆನಪಿಸಿಕೊಳ್ಳಿ. ಮಿಥ್ಯಾತ್ವದ ಜೊತೆ ಸೇರಿದರೆ ಮತಿ, ಶ್ರುತಗಳಂತೆ ಅವಧಿಯೂ ಕೆಡುತ್ತದೆ. ಅದನ್ನು ಶಾಸ್ತ್ರದಲ್ಲಿ ವಿಭಂಗ ಎನ್ನುತ್ತಾರೆ.