ಐನ್‌ಸ್ಟೈನ್ ಎಷ್ಟನೇ ಕ್ಲಾಸಿಗೆ?

ಹೋದ ತಿಂಗಳು ಪುಣೆಯ ಟ್ರಾಫಿಕ್ಕಲ್ಲಿ ಕೂತಿದ್ದಾಗ ನಾಲ್ಕನೇ ಕ್ಲಾಸಿನ ಮಗಳು ಕೇಳಿದಳು: "ಅಪ್ಪ, ನಾವು ಇಲ್ಲೇ ಇದೀವಿ ಅಂತ ಮ್ಯಾಪಿಗೆ ಹೇಗೆ ಗೊತ್ತಾಗತ್ತೆ?" ಉಪಗ್ರಹ, ಅದರೊಳಗಿನ ಗಡಿಯಾರ ಅಂತ ಶುರು ಮಾಡಿದೆ. ಆ ಗಡಿಯಾರ ನೆಲದ ಮೇಲಿನದಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡತ್ತೆ ಅಂದ ತಕ್ಷಣ "ಯಾಕೆ?" ಬಂತು. "ಅದೆಲ್ಲ ದೊಡ್ಡ ಕ್ಲಾಸಲ್ಲಿ" ಅಂದುಬಿಟ್ಟೆ. ಸುಳ್ಳು. ನನಗದು ಗೊತ್ತಾಗಿದ್ದು ಎಂಟೆಕ್ ಮುಗಿದ ಮೇಲೆ.

ಈ "ದೊಡ್ಡ ಕ್ಲಾಸಲ್ಲಿ" ಅನ್ನೋ ಉತ್ತರಕ್ಕೂ ಒಂದು ಇತಿಹಾಸ ಇದೆ. ಅಮೂರ್ತ ತರ್ಕ ಮಕ್ಕಳಿಗೆ ಒಲಿಯೋದು ಹನ್ನೊಂದು ಹನ್ನೆರಡರ ಆಸುಪಾಸಿನಿಂದ ಅಂತ ಸ್ವಿಟ್ಜರ್‌ಲೆಂಡಿನ ಪಿಯಾಜೆ ಹೇಳಿದ್ದರು. ಕಣ್ಣಿಗೆ ಕಾಣದ ಫೋಟಾನು, ಬಾಗುವ ಕಾಲದೇಶ ಇವೆಲ್ಲ ಚಿಕ್ಕವರಿಗೆ ಬೇಡ ಅನ್ನೋರಿಗೆ ಅದೇ ಆಧಾರವಾಯ್ತು.

ಅಮೆರಿಕದಲ್ಲಿ 1956ರಲ್ಲಿ ಎಂಐಟಿಯ ಜಕಾರಿಯಾಸ್ ಹೈಸ್ಕೂಲಿನ ಭೌತಶಾಸ್ತ್ರವನ್ನ ಹೊಸದಾಗಿ ಬರೆಸೋಕೆ ಹೊರಟರು. ಮರುವರ್ಷ ಸ್ಪುಟ್ನಿಕ್ ಹಾರಿತು, ದುಡ್ಡು ಹರಿಯಿತು. ಆದರೆ ಆ ಪುಸ್ತಕದಲ್ಲೂ ಪರಮಾಣು ರಚನೆ ಇದ್ದದ್ದು ಕೊನೆಯ ಭಾಗದಲ್ಲಿ. ಕೊನೆಯ ಭಾಗದ ಗತಿ ಏನಾಗತ್ತೆ ಅಂತ ಪೋರ್ಷನ್ ಮುಗಿಯದ ಶಾಲೆಗಳಲ್ಲಿ ಓದಿದ ನಮಗೆ ಹೇಳಬೇಕಾಗಿಲ್ಲ. 1960ರಲ್ಲಿ ಮನೋವಿಜ್ಞಾನಿ ಬ್ರೂನರ್ ವಾದವನ್ನೇ ತಿರುಗಿಸಿದರು: ಪ್ರಾಮಾಣಿಕವಾದ ಯಾವುದೋ ಒಂದು ರೂಪದಲ್ಲಿ ಯಾವ ವಿಷಯವನ್ನೂ ಯಾವ ವಯಸ್ಸಿಗೂ ಕಲಿಸಬಹುದು. ಇಲ್ಲಿ "ಪ್ರಾಮಾಣಿಕ" ಅನ್ನೋ ಮಾತೇ ಕಷ್ಟದ್ದು.

ಅದನ್ನ ಚೆನ್ನಾಗಿ ಪರೀಕ್ಷೆಗೆ ಒಡ್ಡಿದ್ದು ಆಸ್ಟ್ರೇಲಿಯಾದ ಪರ್ತ್‌ನಲ್ಲಿ. ಗುರುತ್ವ ಅಲೆಗಳ ಮೇಲೆ ಕೆಲಸ ಮಾಡಿದ ಡೇವಿಡ್ ಬ್ಲೇರ್ ಮತ್ತು ಜೊತೆಗಾರರು ಆರನೇ ಕ್ಲಾಸಿನ ಮಕ್ಕಳಿಗೇ ಐನ್‌ಸ್ಟೈನ್ ಹೇಳಿಕೊಟ್ಟು, 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಲೈಕ್ರಾ ಬಟ್ಟೆ ಬಿಗಿದು ಗುಂಡು ಉರುಳಿಸಿದರೆ ಅದು ಬಾಗಿದ ದೇಶ. ಆಟಿಕೆ ಬಂದೂಕಿನ ಮೆತ್ತನೆ ಗುಂಡುಗಳೇ ಫೋಟಾನು. ಮಕ್ಕಳು ಹಿಡಿದುಕೊಂಡರು. ಮೊದಲು ನ್ಯೂಟನ್ ಕಲಿಸಿ ಆಮೇಲೆ ಅದನ್ನ ಅಳಿಸೋದು ಯಾಕೆ ಅನ್ನೋದು ಬ್ಲೇರ್ ವಾದ. ನನಗೆ ಪೂರ್ತಿ ಒಪ್ಪಿಗೆ ಇಲ್ಲ, ಸೇತುವೆ ಕಟ್ಟೋಕೆ ಇವತ್ತಿಗೂ ನ್ಯೂಟನ್ನೇ ಸಾಕು.

ನಮ್ಮ ಊರಲ್ಲೇ ಐಯುಕಾದ ಜಯಂತ ನಾರಳೀಕರ್ ಇದ್ದರು. ಆಟೋಗ್ರಾಫ್ ಕೇಳಿದ ಮಕ್ಕಳಿಗೆ "ಪೋಸ್ಟ್‌ಕಾರ್ಡಲ್ಲಿ ಒಂದು ಪ್ರಶ್ನೆ ಬರೆದು ಕಳಿಸು, ಉತ್ತರಕ್ಕೆ ಸಹಿ ಹಾಕಿ ಕಳಿಸ್ತೀನಿ" ಅನ್ನೋರಂತೆ. ಎಷ್ಟನೇ ಕ್ಲಾಸು ಅಂತ ಕೇಳ್ತಿರಲಿಲ್ಲ.

ಮೊನ್ನೆ ಭಾನುವಾರ ಹೆಂಡತಿಯ ಹಳೆ ಲೆಗಿಂಗ್ಸ್ ಕತ್ತರಿಸಿ ಟಬ್ಬಿನ ಬಾಯಿಗೆ ಬಿಗಿದೆ. ನಡುವೆ ಕಿತ್ತಳೆಹಣ್ಣು, ಸುತ್ತ ಗೋಲಿ. ಗೋಲಿ ಸುತ್ತಿತು. ಮಗಳು ಸ್ವಲ್ಪ ಹೊತ್ತು ನೋಡಿ ಕೇಳಿದಳು: "ಅದು ಸರಿ ಅಪ್ಪ, ಹಣ್ಣು ಬಟ್ಟೇನ ಕೆಳಗೆ ಒತ್ತೋದು ಯಾಕೆ?"

ಗುರುತ್ವ ಅನ್ನೋಕೆ ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡೆ.