ತೊಟ್ಟಿಲ ಮಾತು, ಕಲಿತ ನುಡಿ

ದೇವನಹಳ್ಳಿ ಎಂದೊಡನೆ ನೆನಪಾಗುವುದು ಕೋಟೆ, ಟಿಪ್ಪು ಸುಲ್ತಾನ್ ಮತ್ತು ಚಕ್ಕೋತ. ಕನ್ನಡ ಕಾವ್ಯಕ್ಕೂ ಈ ಊರಿನ ಕೊಡುಗೆಯಿದೆ. ಕೊಕ್ಕರೆಹೊಸಹಳ್ಳಿ ಶೇಖ್ ಹೈದರ್ ನಿಸಾರ್ ಅಹಮದ್ ಅವರು 1936ರ ಫೆಬ್ರುವರಿ 5ರಂದು ಹುಟ್ಟಿದ್ದು ಇಲ್ಲಿಯೇ. ಮನೆಮಾತು ಉರ್ದು, ಓದಿದ್ದು ಭೂವಿಜ್ಞಾನ, ಬರೆದದ್ದು ಕನ್ನಡ. 1978ರಲ್ಲಿ ಧ್ವನಿಸುರುಳಿಯಾಗಿ ಬಂದ ಅವರ 'ನಿತ್ಯೋತ್ಸವ' ಮನೆಮನೆಯ ಹಾಡಾಯಿತು.

ಹಾಗಾದರೆ ಭಾಷೆ ಹುಟ್ಟಿನಿಂದ ಬರುವುದೋ, ಕಲಿಕೆಯಿಂದಲೋ? ಕೇಳಿದ್ದನ್ನು ಅನುಕರಿಸಿ, ಮೆಚ್ಚುಗೆ ಪಡೆದು ಮಗು ಮಾತು ಕಲಿಯುತ್ತದೆ ಎಂಬರ್ಥದ ವಾದವನ್ನು ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ 1957ರಲ್ಲಿ ಮಂಡಿಸಿದರು. ಎಂದೂ ಕೇಳದ ವಾಕ್ಯಗಳನ್ನೂ ಮಗು ಕಟ್ಟಬಲ್ಲದು, ಆ ಶಕ್ತಿ ಹುಟ್ಟಿನಿಂದಲೇ ಇರುತ್ತದೆ ಎಂದು ನೋಮ್ ಚಾಮ್‌ಸ್ಕಿ 1959ರಲ್ಲಿ ಅದನ್ನು ಖಂಡಿಸಿದರು. ಈ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಒಂದು ಮಾತನ್ನು ಇಬ್ಬರೂ ಅಲ್ಲಗಳೆಯಲಾರರು: ಮಗು ಯಾವ ಭಾಷೆಯನ್ನಾಡುತ್ತದೆ ಎಂಬುದನ್ನು ನಿರ್ಧರಿಸುವುದು ರಕ್ತವಲ್ಲ, ಕಿವಿಗೆ ಬಿದ್ದ ಮಾತು.

ಬರಹದ ಭಾಷೆಯ ದಾರಿ ಇನ್ನೂ ಬೇರೆ. ಹಳೇ ಮೈಸೂರಿನ ಹಳ್ಳಿಗಳಲ್ಲಿ 'ಹಾಲು' ಎಷ್ಟೋ ಮನೆಗಳಲ್ಲಿ 'ಆಲು'. 'ಹೋಗುತ್ತಾನೆ' ಎಂಬುದು 'ಓಯ್ತಾನೆ'. ಪುಸ್ತಕದ ಕನ್ನಡ ಅಲ್ಲಿನ ಮಗುವಿಗೂ ಹೊಸದು. ಒತ್ತಕ್ಷರ, ಸಂಧಿ, ಸಮಾಸಗಳನ್ನು ಮೇಷ್ಟರ ಮುಂದೆ ಕೂತು ಕಲಿಯಲೇಬೇಕು. ಗ್ರಾಂಥಿಕ ಕನ್ನಡ ಯಾರ ತೊಟ್ಟಿಲ ಮಾತೂ ಅಲ್ಲ. ಆ ಹೊಸಿಲನ್ನು ಎಲ್ಲರೂ ಕಲಿತೇ ದಾಟಬೇಕು.

ಆದ್ದರಿಂದಲೇ ಕನ್ನಡ ಸಾಹಿತ್ಯದ ಬಾಗಿಲು ಅನ್ಯ ಮನೆಮಾತಿನವರಿಗೂ ತೆರೆದೇ ಇತ್ತು. 1973ನೇ ಸಾಲಿನ ಜ್ಞಾನಪೀಠ ಪಡೆದ ದ.ರಾ. ಬೇಂದ್ರೆಯವರ ಮನೆಮಾತು ಮರಾಠಿ. 1983ನೇ ಸಾಲಿನಲ್ಲಿ ಅದೇ ಗೌರವ ಪಡೆದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರದು ತಮಿಳು. ನಿಸಾರರೂ 2006ರಲ್ಲಿ ಶಿವಮೊಗ್ಗದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 2020ರ ಮೇ 3ರಂದು ಅವರು ನಿಧನರಾದಾಗ ನಾಡು ಕಳೆದುಕೊಂಡದ್ದು ತನ್ನದೇ ಕವಿಯನ್ನು.

2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ದೇವನಹಳ್ಳಿಯ ಸುತ್ತ ದೂರದ ರಾಜ್ಯಗಳ ಭಾಷೆಗಳೂ ಕೇಳಿಬರುತ್ತಿವೆ. ಶಾಲೆಗಳಲ್ಲಿ ಕನ್ನಡ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾಯ್ದೆ 2015ರಲ್ಲೇ ಬಂದಿದೆ. ಆದರೆ ಪಾಠ ಕಲಿಸುವುದು ಅಕ್ಷರವನ್ನು. ಸಲುಗೆ ಬೆಳೆಯುವುದು ಸಂತೆಯಲ್ಲಿ, ಆಟದ ಬಯಲಿನಲ್ಲಿ. ಹೊಸದಾಗಿ ಬಂದವರ ಮಕ್ಕಳೊಡನೆ ಊರಿನವರು ಕನ್ನಡದಲ್ಲೇ ಮಾತಾಡಿದರೆ, ನಾಳಿನ ಕವಿ ಯಾವ ಮನೆಯಿಂದಲೂ ಬಂದಾನು.